ನಗಿಸುವ ಕೊಲೆ ಕಾದಂಬರಿ ಬರೆಯೋದು ಹೇಗೆ: ಹಳೇ ವಠಾರ, ಹೊಸ ಕೆಫೆ, ಎರಡು ಹೆಣ

ಬೆಂಗಳೂರಿನ ಯಾವುದಾದರೂ ಹಳೇ ಏರಿಯಾದಲ್ಲಿ ದಾರಿ ಕೇಳಿ ನೋಡಿ. "ಗಿರಣಿ ಹತ್ರ ಎಡಕ್ಕೆ ತಿರುಗಿ, ಡಾಕ್ಟ್ರ ಮನೆ ದಾಟಿ ಮೂರನೇದು" ಅನ್ನುತ್ತಾರೆ. ಹೋಗಿ ನೋಡಿದರೆ ಗಿರಣಿಯೂ ಇಲ್ಲ, ಡಾಕ್ಟ್ರೂ ಇಲ್ಲ. ಗಿರಣಿ ಇದ್ದ ಕಡೆ ನಾಲ್ಕು ಮಹಡಿಯ ಪಿಜಿ ಎದ್ದಿದೆ, ಡಾಕ್ಟ್ರ ಮನೆ ಜಾಗದಲ್ಲಿ ಬಟ್ಟೆ ಅಂಗಡಿ ಬಂದಿದೆ. ದಾರಿ ಹೇಳಿದವರ ಕಣ್ಣಿಗೆ ಮಾತ್ರ ಎರಡೂ ಇನ್ನೂ ಹಾಗೇ ಇವೆ. ಈ ಊರಲ್ಲಿ ಇರುವವರಿಗೆಲ್ಲ ಗೊತ್ತಿರುವ ತಮಾಷೆ ಇದು.

ಇದನ್ನೇ ಎತ್ತಿ ಕೊಲೆ ಕಾದಂಬರಿಯ ಮೂರನೇ ಅಧ್ಯಾಯದಲ್ಲಿ ಇಡಿ. ಬೀದಿಗೆ ಹೊಸದಾಗಿ ಕೆಫೆ ತೆಗೆದ ಹುಡುಗ ಇದ್ದಾನೆ. ಮನೆ ಮಾತು ಕನ್ನಡ, ಹುಟ್ಟಿ ಬೆಳೆದದ್ದೆಲ್ಲ ಪುಣೆ, ಬೆಂಗಳೂರಿಗೆ ಬಂದು ಒಂದು ವರ್ಷ ಆಯ್ತು ಅಂತ ಎಲ್ಲರ ಹತ್ತಿರ ಹೇಳಿಕೊಂಡಿದ್ದಾನೆ. ಹಾಲಿನ ವ್ಯಾನಿನವನು ದಾರಿ ತಪ್ಪಿ ಫೋನ್ ಮಾಡುತ್ತಾನೆ. ಕೈಯಲ್ಲಿ ನಾಲ್ಕು ಕಪ್ ಹಿಡಿದುಕೊಂಡು, ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಅವನು ಕಿರುಚುತ್ತಾನೆ: "ಗಿರಣಿ ಹತ್ರ ಎಡಕ್ಕೆ ಬಾ ಮಾರಾಯ!" ಓದುಗರು ನಗುತ್ತಾರೆ, ಪುಟ ತಿರುಗಿಸುತ್ತಾರೆ. ಗಿರಣಿ ಕೆಡವಿ 15 ವರ್ಷ ಆಗಿದೆ ಅನ್ನೋದು ಅವರಿಗೆ ಮುಂದೆ ಎಲ್ಲೋ ತಿಳಿಯುತ್ತದೆ. ಆಗ ಹಿಂದಿನ ಪುಟ ಹುಡುಕಿಕೊಂಡು ಹೋಗುತ್ತಾರೆ.

ನಾನು ಹೇಳಬೇಕು ಅಂದುಕೊಂಡಿದ್ದು ಇಷ್ಟೇ. ಇಂಥ ಕಾದಂಬರಿಯಲ್ಲಿ ನಗೆಯ ಸಾಲು ಯಾವುದೋ ಅದೇ ಸುಳಿವಿನ ಸಾಲೂ ಆಗಿರಬೇಕು. ನಗುವಾಗ ಯಾರೂ ಲೆಕ್ಕ ಇಡುವುದಿಲ್ಲ, ಸುಳಿವು ಬಚ್ಚಿಡೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ತುಂಬಾ ಜನ ಕೊಲೆಯ ಕಥೆಯನ್ನ ಒಂದು ಕಡೆ ಬರೆದು, ಆಮೇಲೆ ಅಲ್ಲಲ್ಲಿ ಜೋಕು ಸೇರಿಸುತ್ತಾರೆ. ಒಗ್ಗರಣೆ ಕೊನೆಯಲ್ಲಿ ಹಾಕಬಹುದು, ಉಪ್ಪು ಹಾಗಲ್ಲ ಅಲ್ವಾ? ನಗೆ ಇಲ್ಲಿ ಉಪ್ಪು.

ಕೆಫೆ ಹುಡುಗ ಗಿರಣಿಯ ಮಾತನ್ನ ಊರವರ ಬಾಯಿಂದ ಕಲಿತಿರಬಹುದಲ್ಲ ಅಂತ ಚುರುಕಾದ ಓದುಗರು ಕೇಳುತ್ತಾರೆ. ಕೇಳಬೇಕು. ಆ ಸಾಲು ಅನುಮಾನ ಹುಟ್ಟಿಸಿದರೆ ಸಾಕು. ಸಾಬೀತು ಮಾಡೋಕೆ ಬೇರೆ ಸುಳಿವು ಬೇಕು, ಕಾಗದ ಬೇಕು. ಅಲ್ಲಿಗೆ ಬರುತ್ತೇನೆ.

ಏರಿಯಾ ನಿಜದ್ದು, ಕ್ರಾಸು ನಿಮ್ಮದು

ಹಳೇ ಬಡಾವಣೆಗೆ ದುಡ್ಡಿರುವವರು ಬಂದು, ಬಾಡಿಗೆ ಏರಿ, ಮೊದಲಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುವುದಕ್ಕೆ ನಮ್ಮಲ್ಲಿ ಒಂದೇ ಮಾತು: "ಏರಿಯಾ ಡೆವಲಪ್ ಆಗಿದೆ." ಬ್ರೋಕರ್ ಇದನ್ನ ಹೆಮ್ಮೆಯಿಂದ ಹೇಳುತ್ತಾನೆ, 30 ವರ್ಷದಿಂದ ಬಾಡಿಗೆಗೆ ಇರುವವರು ಹೆದರಿಕೊಂಡು ಹೇಳುತ್ತಾರೆ. ನಿಮ್ಮ ಪಾತ್ರಗಳೆಲ್ಲರ ಬಾಯಲ್ಲೂ ಈ ಒಂದು ವಾಕ್ಯ ಬರಲಿ, ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಅರ್ಥಕ್ಕೆ ಬರಲಿ. ಪಾತ್ರ ಪರಿಚಯದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಎಲ್ಲ ಏರಿಯಾ ಒಂದೇ ಥರ ಬದಲಾಗುವುದಿಲ್ಲ. ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಮನೆಗಳು ಪಬ್ಬು, ಶೋರೂಮುಗಳಾದವು, ಹಿಂದಿನ ಅಡ್ಡರಸ್ತೆಗಳಲ್ಲಿ ನಿವೃತ್ತರು ರಾತ್ರಿಯೆಲ್ಲ ಆ ಸದ್ದು ಕೇಳುತ್ತಾ ಮಲಗುತ್ತಾರೆ. ಮಲ್ಲೇಶ್ವರಂ, ಬಸವನಗುಡಿಯ ಕಥೆಯೇ ಬೇರೆ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ನೆಲೆಸಲಿ ಅಂತ ಬೆಳೆದ ಬಡಾವಣೆಗಳು ಅವು. ಅಂದರೆ ಇವತ್ತು "ನಾವು ಇಲ್ಲಿನ ಹಳಬರು" ಅನ್ನುವ ಮನೆತನಗಳೂ ಒಂದು ಕಾಲಕ್ಕೆ ಹೊಸಬರೇ. ಇದನ್ನ ಬರೆಯುವವರು ಮರೆಯಬಾರದು. ಮಲ್ಲೇಶ್ವರಂನ ಸಂಪಿಗೆ ರಸ್ತೆಯ ತುದಿಯಲ್ಲಿ ಬಟ್ಟೆ ಮಿಲ್ ಇದ್ದ ಜಾಗಕ್ಕೆ ಮಾಲ್ ಬಂತು. 2014ರಲ್ಲಿ ಅದರ ಪಕ್ಕದಿಂದ ಪೀಣ್ಯದ ಕಡೆಗೆ ಮೆಟ್ರೋ ಓಡೋಕೆ ಶುರುವಾಯಿತು. ಕಂಬ ನೆಡುವ ಮೊದಲೇ ಬಾಡಿಗೆ ಏರುತ್ತದೆ, ಬ್ರೋಕರ್ ಕೈಗೆ ನಕ್ಷೆ ಸಿಕ್ಕ ದಿನವೇ ಏರುತ್ತದೆ.

ಏರಿಯಾದ ಹೆಸರು ನಿಜದ್ದೇ ಇಡಿ, ಕ್ರಾಸು ಮಾತ್ರ ನೀವು ಕಟ್ಟಿದ್ದಾಗಿರಲಿ. ಇರುವ ಮನೆಯೊಳಗೆ ಹೆಣ ಹಾಕಿದರೆ ಅಲ್ಲಿರುವವರಿಗೆ ನೋವಾಗುತ್ತದೆ, ನಿಮಗೂ ಕೈ ಕಟ್ಟಿದಂತಾಗುತ್ತದೆ. ಕಟ್ಟಿದ ಕ್ರಾಸಲ್ಲಿ ಗಿರಣಿ ಎಲ್ಲಿತ್ತು, ಹೊಂಗೆ ಮರ ಎಲ್ಲಿದೆ, ಸಂಪು ಯಾರ ಮನೆ ಮುಂದೆ ಅಂತ ನೀವೇ ತೀರ್ಮಾನಿಸಬಹುದು. ಆದರೆ ಕಟ್ಟೋ ಮುಂಚೆ ನಿಜದ ಕ್ರಾಸುಗಳಲ್ಲಿ ಓಡಾಡಿ. ಬೆಳಿಗ್ಗೆ 5ಕ್ಕೆ ಒಂದು ಸಲ, ರಾತ್ರಿ 10ಕ್ಕೆ ಒಂದು ಸಲ. ಗೇಟಿಗೆ ನೇತು ಹಾಕಿದ 'ಟು ಲೆಟ್' ಬೋರ್ಡುಗಳನ್ನ ಓದಿ. ಖಾಲಿ ಸೈಟಿನ ಗೋಡೆ ಮೇಲೆ ಕೆಂಪಕ್ಷರದಲ್ಲಿ "ಈ ಸ್ವತ್ತು ಮಾರಾಟಕ್ಕಿಲ್ಲ" ಅಂತ ಬರೆದಿರುತ್ತದಲ್ಲ, ಕೆಳಗೆ ಕೋರ್ಟಿನ ದಾವೆ ನಂಬರ್ ಸಹಿತ, ಅದರ ಮುಂದೆ ಹತ್ತು ನಿಮಿಷ ನಿಂತುಕೊಳ್ಳಿ. ಯಾರಾದರೂ ಬಂದು "ಸೈಟು ನೋಡ್ತಿದೀರಾ ಸಾರ್, ಓನರ್ ನಂಗೆ ಗೊತ್ತು" ಅನ್ನದೇ ಇರುವುದಿಲ್ಲ. ನಿಮ್ಮ ಮೊದಲನೇ ಹೆಣ ಅವನೇ.

ಕೊಲೆಗೆ ಕಾರಣ ಸೈಟೇ ಆಗಿರಲಿ

ಏರಿಯಾ ಬದಲಾಗುವುದು ಹಿನ್ನೆಲೆಯ ಪರದೆಯಾಗಿ ಉಳಿದು, ಕೊಲೆ ಮಾತ್ರ ಹಳೇ ಪ್ರೇಮಕ್ಕೋ ಕಳ್ಳಸಾಗಣೆಗೋ ಆಗಿದ್ದರೆ ಆ ಕಾದಂಬರಿ ಯಾವ ಊರಲ್ಲಾದರೂ ನಡೆಯಬಹುದು. ಇಲ್ಲಿ ನೆಲದ ಬೆಲೆ ಏರಿದ್ದಕ್ಕೇ ಕೊಲೆ ಆಗಬೇಕು. 20 ವರ್ಷದ ಹಿಂದೆ ಯಾರಿಗೂ ಬೇಡವಾಗಿದ್ದ ಒಂದು ಹೆಂಚಿನ ವಠಾರ, ಎಂಟು ಮನೆ, ಒಂದು ಸಂಪು, ಎರಡು ಕಕ್ಕಸು. ಇವತ್ತು ಅದರ ಮೇಲೆ ಎಲ್ಲರ ಕಣ್ಣು.

ಇಲ್ಲಿ ಕಾನೂನು ಸ್ವಲ್ಪ ಗೊತ್ತಿರಬೇಕು, ಇಲ್ಲದಿದ್ದರೆ ಓದುವ ವಕೀಲರು ಮೊದಲನೇ ಅಧ್ಯಾಯದಲ್ಲೇ ಪುಸ್ತಕ ಮುಚ್ಚುತ್ತಾರೆ. ಹೊಸ ಬರಹಗಾರರು ಸಾಮಾನ್ಯವಾಗಿ ಮಾಡುವುದು ಏನಂದರೆ, ಆಸ್ತಿಗೋಸ್ಕರ ತಮ್ಮನ ಮಗ ದೊಡ್ಡಪ್ಪನನ್ನ ಕೊಲ್ಲುತ್ತಾನೆ. ಆದರೆ ಹಿಂದೂ ಉತ್ತರಾಧಿಕಾರ ಕಾಯಿದೆಯ 25ನೇ ಸೆಕ್ಷನ್ ಪ್ರಕಾರ, ಕೊಂದವನಿಗೆ ಸತ್ತವರ ಆಸ್ತಿ ಬರುವುದೇ ಇಲ್ಲ. ಸಿಕ್ಕಿಬಿದ್ದರೆ ಜೈಲೂ ಆಯ್ತು, ಸೈಟೂ ಹೋಯ್ತು. ಇದೇ ನಿಮ್ಮ ಕಥೆ ಆದರೆ ಆಗಬಹುದು, ಆದರೆ ಕೊಲೆಗಾರನಿಗೆ ಇದು ಗೊತ್ತಿದೆಯೋ ಇಲ್ಲವೋ ಅಂತ ನೀವು ತೀರ್ಮಾನಿಸಿರಬೇಕು.

ನನಗೆ ಜಾಸ್ತಿ ಇಷ್ಟ ಆಗುವುದು ವಿಲ್ಲಿನ ದಾರಿ. ವಿಲ್ ಅಂದರೆ ಉಯಿಲು. ಅದನ್ನ ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಬರೆದವರ ಸಹಿ ಇರಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಮುಂದೆ ತಕರಾರು ಬಂದರೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕೋರ್ಟಿಗೆ ಕರೆಸಿ ಕೇಳಬೇಕು. ಈಗ ಯೋಚನೆ ಮಾಡಿ. ವಠಾರದ ಯಜಮಾನರು ವಯಸ್ಸಾಗಿ, ನಿದ್ದೆಯಲ್ಲೇ, ನೆಮ್ಮದಿಯಾಗಿ ತೀರಿಕೊಂಡಿದ್ದಾರೆ. ಆರು ತಿಂಗಳಾದ ಮೇಲೆ 2003ರ ತಾರೀಕಿನ ಒಂದು ವಿಲ್ ಹೊರಗೆ ಬರುತ್ತದೆ. ವಿಲ್ ಸುಳ್ಳು. ಸಾಕ್ಷಿ ಹಾಕಿದ ಇಬ್ಬರಿಗೆ ಅದು ಗೊತ್ತು, ಅಥವಾ ಗೊತ್ತಾಗುವ ಹೊತ್ತು ಹತ್ತಿರ ಬಂದಿದೆ. ಯಜಮಾನರನ್ನ ಯಾರೂ ಕೊಲ್ಲಬೇಕಾಗಿಲ್ಲ. ಕೊಲೆಯಾಗಬೇಕಾದವರು ಸಾಕ್ಷಿಗಳು. ಎರಡು ಕೊಲೆ ಯಾಕೆ, ಒಂದಾದ ಮೇಲೆ ಒಂದು ಯಾಕೆ ಅನ್ನುವುದಕ್ಕೆ ಕಾರಣ ತಾನಾಗೇ ಸಿಕ್ಕಿತು.

ಸುಳ್ಳು ವಿಲ್ಲನ್ನ ಒಡೆಯುವುದು ಹೇಗೆ? ಇಲ್ಲಿ ಬೀದಿಯ ನೆನಪೇ ಕೆಲಸಕ್ಕೆ ಬರಬೇಕು. ಪ್ರತಿ ಆಸ್ತಿ ಪತ್ರದಲ್ಲೂ ಚಕ್ಕುಬಂದಿ ಇರುತ್ತದೆ, ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥದ್ದು ಅಂತ. ಫೋರ್ಜರಿ ಮಾಡಿದವನು ಅವಸರದಲ್ಲಿ ಈಗಿರುವ ಪತ್ರವೊಂದನ್ನ ನೋಡಿಕೊಂಡು, ಉತ್ತರಕ್ಕೆ ಒಂದು ಅಪಾರ್ಟ್‌ಮೆಂಟಿನ ಹೆಸರು ಬರೆದಿದ್ದಾನೆ. ಅದು ಕಟ್ಟಿದ್ದು 2012ರಲ್ಲಿ. ಇದನ್ನ ಪತ್ತೇದಾರರು ಕಂಡುಹಿಡಿದು ಗಂಭೀರವಾಗಿ ಘೋಷಿಸಿದರೆ ಸಪ್ಪೆ. ವಠಾರದವರ ಜಗಳದಲ್ಲಿ ಹೊರಗೆ ಬರಲಿ:

"ಉತ್ತರಕ್ಕೆ ಆಗ ಏನಿತ್ತು ಹೇಳಿ ನೋಡೋಣ?"

"ಹಸು ಕಟ್ತಿದ್ರು ಕಣ್ರೀ. ಎರಡು ಸೀಮೆ ಹಸು."

"ಎರಡಲ್ಲ, ಮೂರು. ಒಂದು ನಮ್ಮ ಒಗೆದ ಸೀರೆ ತಿಂದುಹಾಕಿತ್ತು. ನನ್ನ ತಂಗಿ ಮದುವೆ ಸೀರೆ."

"ನಿಮ್ಮ ತಂಗಿ ಮದುವೆ ಯಾವ ವರ್ಷ?"

"2004. ಮೇ ತಿಂಗಳು. ಯಾಕೆ?"

ಸೀರೆ ತಿಂದ ಹಸುವಿನ ಮೇಲೆ ಇನ್ನೂ ಕೋಪ ಇಟ್ಟುಕೊಂಡಿರುವ ಆ ಹೆಂಗಸು ತಾನು ಸಾಕ್ಷಿ ಹೇಳಿದೆ ಅಂತ ತಿಳಿದುಕೊಂಡೇ ಇಲ್ಲ. ಕಾಗದದಲ್ಲಿ ಇದನ್ನ ಪಕ್ಕಾ ಮಾಡಿಕೊಳ್ಳೋಕೆ ಪಕ್ಕದ ಸ್ವತ್ತಿನ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿದರೆ ಆಯ್ತು. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಕೂತುಬನ್ನಿ. ಅಕ್ಕತಂಗಿಯರ ಸಹಿಗೆ ಕಾಯುವ ಅಣ್ಣಂದಿರು, ಸಹಿ ಹಾಕೋ ಮುಂಚೆ ಇನ್ನೊಂದು ಸಲ ಓದಬೇಕು ಅನ್ನುವ ತಂಗಿಯರು, ಗಂಡನಿಗೆ ಫೋನ್ ಮಾಡಿ ಬರ್ತೀನಿ ಅಂತ ಹೊರಗೆ ಹೋಗಿ ಅರ್ಧ ಗಂಟೆಯಾದರೂ ಬರದವರು. 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು, ಹಾಗಾಗಿ ಅವರ ಸಹಿ ಇಲ್ಲದೆ ಬಿಲ್ಡರ್ ಮುಂದಕ್ಕೆ ಹೋಗುವುದಿಲ್ಲ. ಆ ಬೆಂಚಿನ ಮೇಲೆ ನಾಲ್ಕು ಕಾದಂಬರಿಗೆ ಆಗುವಷ್ಟು ಮಾತು ಸಿಗುತ್ತದೆ.

ಯಾರು ಸತ್ತರೆ ನಗಬಹುದು

ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಮನೆಗೆಲಸದವರನ್ನ, ಸೆಕ್ಯೂರಿಟಿಯವರನ್ನ, ಕಟ್ಟಡದ ಕೂಲಿಯವರನ್ನ "ಏನೋ ನೋಡಿಬಿಟ್ಟರು" ಅಂತ ಸುಮ್ನೆ ಕೊಂದು ಪುಟ ತುಂಬಿಸಬೇಡಿ. ಪತ್ತೇದಾರಿ ಕಥೆಗಳಲ್ಲಿ ಇದು ಮಾಮೂಲಿ, ಎರಡನೇ ಹೆಣ ಯಾವಾಗಲೂ ಕೆಲಸದವರದ್ದು. ಏರಿಯಾ ಡೆವಲಪ್ ಆದಾಗ ನಿಜವಾಗಿಯೂ ಮೊದಲು ಜಾಗ ಕಳೆದುಕೊಳ್ಳುವವರು ಅವರೇ. ಕಥೆಯಲ್ಲೂ ಅವರೇ ಯಾಕೆ ಸಾಯಬೇಕು?

ಮೊದಲನೇ ಹೆಣ ಬ್ರೋಕರ್‌ದು ಅಂದೆ, ವಿಲ್ಲಿನ ಮೊದಲನೇ ಸಾಕ್ಷಿ ಅವನೇ. ಅವನು ಬದುಕಿರುವಾಗ ಒಂದು ಅಧ್ಯಾಯ ಪೂರ್ತಿ ನಗಿಸಲಿ. ಎಲ್ಲರಿಗೂ ಎಲ್ಲ ಮಾತು ಕೊಟ್ಟಿರುವವನು, ಒಂದೇ ಮನೆಯ ಅಡ್ವಾನ್ಸ್ ಇಬ್ಬರಿಂದ ತಗೊಂಡವನು, ರಾತ್ರಿ ಹೊತ್ತು ಟೇಪು ಹಿಡಿದುಕೊಂಡು ವಠಾರದ ಅಂಗಳ ಅಳೆಯುವವನು. ಬೆಳಗಿನ ಜಾವ ಸಂಪಿನಲ್ಲಿ ಹೆಣ ಸಿಕ್ಕಾಗ ಎಲ್ಲರಿಗೂ ಅನಿಸುವುದು ಒಂದೇ: ಅಳೆಯುತ್ತಾ ಹಿಂದಕ್ಕೆ ಹೆಜ್ಜೆ ಇಟ್ಟಿದ್ದಾನೆ, ಮುಚ್ಚಳ ತೆಗೆದಿತ್ತು, ಬಿದ್ದಿದ್ದಾನೆ. ಮುಚ್ಚಳ ತೆಗೆದಿದ್ದು ಯಾಕೆ ಅಂದರೆ ಅವತ್ತು ಕಾವೇರಿ ನೀರು ಬರುವ ದಿನ. ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕೂವರೆಗೆ. ವಾಲ್ವ್ ತಿರುಗಿಸುವವರು ಬಂದ ಸದ್ದಿಗೆ ವಠಾರವೇ ಎದ್ದು ಕೂರುತ್ತದೆ. ನಿಮ್ಮ ಕಥೆಯ ಗಡಿಯಾರ ಇದೇ. ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರು ಅನ್ನುವುದನ್ನ ನೀರಿನ ಲೆಕ್ಕದಲ್ಲಿ ಹೇಳಿಸಿ. "ನಮ್ಮ ಡ್ರಮ್ಮು ಅರ್ಧ ತುಂಬಿತ್ತು" ಅನ್ನೋದು ಎಷ್ಟು ಚೆನ್ನಾದ ಹೇಳಿಕೆ!

ಹೆಣ ಎತ್ತಿದ ಮೇಲಿನ ದೃಶ್ಯದಲ್ಲಿ ನಗೆ ಬರುತ್ತದೆ, ಆದರೆ ಸತ್ತವನ ಮೇಲೆ ಬರಬಾರದು. ಎಂಟು ಮನೆಗೂ ಅದೇ ಸಂಪು. ಇನ್ನೆರಡು ದಿನ ನೀರಿಲ್ಲ. ಪೊಲೀಸರು ಇದ್ದಾರೆ, ಹೆಣ ಇನ್ನೂ ಅಂಗಳದಲ್ಲೇ ಇದೆ, ಟ್ಯಾಂಕರ್ ತರಿಸೋಣ ಅಂತ ಮೊದಲು ಹೇಳುವವರು ಯಾರು? ಎಲ್ಲರೂ ಸೆರಗು ಬಾಯಿಗೆ ಇಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆಗೆ ಒಂದು ಮಗು ಕೇಳುತ್ತದೆ, "ಅಮ್ಮ, ಇವತ್ತು ಸ್ನಾನ ಇಲ್ವಾ?" ಇಷ್ಟು ಸಾಕು. ಬದುಕಿರುವವರ ಸಂಕಟದಲ್ಲಿ ಹುಟ್ಟಿದ ನಗು ಇದು, ಓದುವವರಿಗೆ ತಮ್ಮ ಮನೆಯೇ ನೆನಪಾಗುತ್ತದೆ.

ಎರಡನೇ ಹೆಣ ನಗಿಸಬಾರದು. ಎರಡನೇ ಸಾಕ್ಷಿಯನ್ನ ನಾನು ಹೀಗೆ ಕಟ್ಟುತ್ತೇನೆ. ರಿಟೈರ್ ಆದ ಗುಮಾಸ್ತರು, ಎಪ್ಪತ್ತು ದಾಟಿದೆ. ಬೀದಿಯಲ್ಲಿ ಯಾರದೇ ಬಾಡಿಗೆ ಕರಾರಿರಲಿ, ಬ್ಯಾಂಕ್ ಫಾರಂ ಇರಲಿ, ಸಾಕ್ಷಿ ಸಹಿ ಅವರದ್ದೇ. ಒಂದು ಕಾಫಿ ಕೊಡಿಸಿದರೆ ಸಾಕು, ಓದದೇ ಹಾಕುತ್ತಾರೆ. ಆದರೆ ಸಹಿಯ ಕೆಳಗೆ ದುಂಡಗಿನ ಅಕ್ಷರದಲ್ಲಿ "ನಿವೃತ್ತ ಪ್ರಥಮ ದರ್ಜೆ ಸಹಾಯಕ" ಅಂತ ಬರೆಯದೇ ಬಿಡುವುದಿಲ್ಲ. ಹಾಲಿನ ಕಾರ್ಡಿನ ಮೇಲೂ ಬರೆದಿದ್ದಾರೆ. ಸೊಸೆ ರೇಗುತ್ತಾಳೆ, ಮೊಮ್ಮಗಳು ಅವರನ್ನ ಪ್ರ.ದ.ಸ. ಅಂತಲೇ ಕರೆಯುತ್ತಾಳೆ. ಮೊದಲ ನೂರು ಪುಟ ಇದು ಬರೀ ತಮಾಷೆ. ಆಮೇಲೆ ವಿಲ್ಲಿನ ಜೆರಾಕ್ಸು ಯಾರ ಕೈಗೋ ಸಿಗುತ್ತದೆ. ತಾರೀಕು 2003. ಸಾಕ್ಷಿಯ ಸಹಿ ಕೆಳಗೆ "ನಿವೃತ್ತ." ಅವರು ನಿವೃತ್ತರಾದದ್ದು 2009ರಲ್ಲಿ, ಆ ಬೀಳ್ಕೊಡುಗೆಯ ಹಾರದ ಫೋಟೋ ಮನೆಯ ಹಜಾರದಲ್ಲಿ ಇದೆ, ನೀವು ಎರಡನೇ ಅಧ್ಯಾಯದಲ್ಲೇ ಅದನ್ನ ತೋರಿಸಿದ್ದೀರಿ. ಅಷ್ಟು ಹೊತ್ತಿಗೆ ಅವರು ಹೋಗಿಬಿಟ್ಟಿರುತ್ತಾರೆ. ಅವರ ಒಂದೇ ಒಂದು ಹೆಮ್ಮೆ ಕೊಲೆಗಾರನನ್ನ ಹಿಡಿಸುತ್ತದೆ. ಈ ಜಾಗದಲ್ಲಿ ಓದುಗರು ನಕ್ಕಿದ್ದೆಲ್ಲ ಗಂಟಲಿಗೆ ಬಂದು ನಿಲ್ಲಬೇಕು. ಆ ಅಧ್ಯಾಯದಲ್ಲಿ ಜೋಕು ಬೇಡ. ತಿಥಿಯ ದಿನ ಮೊಮ್ಮಗಳು ಹಾಲಿನ ಕಾರ್ಡನ್ನ ಫ್ರಿಜ್ಜಿನಿಂದ ಬಿಡಿಸಿ ತನ್ನ ಪುಸ್ತಕದೊಳಗೆ ಇಟ್ಟುಕೊಳ್ಳಲಿ, ಅಲ್ಲಿಗೆ ಅಧ್ಯಾಯ ನಿಲ್ಲಿಸಿ.

ಪತ್ತೆ ಮಾಡುವವರು

ಎಲ್ಲರ ಮನೆಯ ವಿಷಯ ಗೊತ್ತಿರುವ, ಆದರೆ ಯಾರೂ ಗಮನ ಕೊಡದ ಒಬ್ಬರು ಬೇಕು. ಹೂವಿನವರು, ಹಾಲಿನವರು, ಮೀಟರ್ ಓದುವವರು ಯಾರಾದರೂ ಆಗಬಹುದು. ನನ್ನ ಓಟು ಇಸ್ತ್ರಿ ಮಾಡುವವರಿಗೆ. ಹೊಂಗೆ ಮರದ ಕೆಳಗೆ ತಳ್ಳುಗಾಡಿ, ಇದ್ದಿಲ ಪೆಟ್ಟಿಗೆ, 25 ವರ್ಷದಿಂದ ಅದೇ ಜಾಗ. ಆ ಅಮ್ಮನಿಗೆ ಬೀದಿಯ ಪ್ರತಿಯೊಬ್ಬರ ಶರ್ಟೂ ಗೊತ್ತು. ಯಾರಿಗೆ ಇಂಟರ್‌ವ್ಯೂ, ಯಾರ ಮನೆಯಲ್ಲಿ ಜಗಳ ಆಗಿ ಗಂಡನೇ ಬಟ್ಟೆ ತಂದು ಕೊಡುತ್ತಿದ್ದಾನೆ, ಯಾರ ಸೀರೆಗೆ ಫಾಲ್ ಬಿಚ್ಚಿದೆ, ಎಲ್ಲ ಗೊತ್ತು. ಅವರ ದೊಡ್ಡ ಸಿಟ್ಟು, ಫೋನಲ್ಲೇ ಬಟ್ಟೆ ಕರೆಸಿಕೊಳ್ಳುವ ಲಾಂಡ್ರಿಗಳ ಮೇಲೆ. ಕೆಫೆ ಹುಡುಗ ವಾರಕ್ಕೆ ಐದು ಶರ್ಟ್ ಕೊಡುತ್ತಿದ್ದವನು ಆ ವಾರ ನಾಲ್ಕೇ ಕೊಟ್ಟ. "ನೀಲಿ ಶರ್ಟು ಎಲ್ಲಪ್ಪ? ಆ ಲಾಂಡ್ರಿಯವರಿಗೆ ಕೊಟ್ಯಾ? ನಂಗೆ ಹೇಳು, ಇನ್ನೂ ಒಂದ್ ರೂಪಾಯಿ ಕಮ್ಮಿ ಮಾಡ್ತೀನಿ." ವಾರಗಟ್ಟಲೆ ಆ ನೀಲಿ ಶರ್ಟಿಗಾಗಿ ಅವನನ್ನ ಪೀಡಿಸುತ್ತಾರೆ. ಓದುಗರಿಗೆ ನಗು. ಅವನಿಗೆ ಬೆವರು.

ಆ ಅಮ್ಮನಿಗೂ ಕಳೆದುಕೊಳ್ಳೋಕೆ ಏನಾದರೂ ಇರಲಿ. ವಠಾರ ಹೋದರೆ ಹೊಸ ಕಟ್ಟಡದ ಗೇಟಿಗೆ ಆ ಮರ ಅಡ್ಡ. ಮರ ಹೋದರೆ ಗಾಡಿಗೆ ಜಾಗ ಇಲ್ಲ. ಅವರು ಕೊಲೆಯ ಹಿಂದೆ ಬೀಳೋದು ಕುತೂಹಲಕ್ಕೆ ಮಾತ್ರ ಅಲ್ಲ ಅನ್ನೋದು ಓದುಗರಿಗೆ ತಿಳಿದಿರಬೇಕು.

ಆಯುಧದ ವಿಷಯ. ಹೋದ ವರ್ಷ ದಕ್ಷಿಣ ಬೆಂಗಳೂರಿನ ಒಂದು ಕೆಫೆಯಲ್ಲಿ ಕೂತಿದ್ದೆ. ಹಳೇ ಮನೆಯನ್ನ ಹಾಗೇ ಉಳಿಸಿಕೊಂಡು ಮಾಡಿದ್ದರು, ಕೆಂಪು ಗಾರೆ ನೆಲ, ಮರದ ಕಂಬ. ಬಾಗಿಲ ಹತ್ತಿರ ಒಂದು ಒರಳುಕಲ್ಲು, ಅದರ ಗುಳಿಯಲ್ಲಿ ಮಣ್ಣು ತುಂಬಿ ಮನಿ ಪ್ಲಾಂಟ್ ನೆಟ್ಟಿದ್ದರು. ಮೊಮ್ಮಗನ ಜತೆ ಬಂದ ಒಬ್ಬ ಅಜ್ಜಿ ಒಳಗೆ ಹೋಗದೆ ಅಲ್ಲೇ ನಿಂತರು. ಬಗ್ಗಿ ಅಂಚನ್ನ ಮುಟ್ಟಿದರು. ಒರಳಿನ ಅಂಚು ಒಂದು ಕಡೆ ಮಾತ್ರ ನುಣ್ಣಗೆ ಸವೆದಿರುತ್ತದೆ, ಕೂತು ರುಬ್ಬುವವರು ಹಿಟ್ಟನ್ನ ಒಳಗೆ ತಳ್ಳುವ ಕಡೆ. ಅಜ್ಜಿಯ ಬೆರಳು ಹುಡುಕದೇ ನೇರವಾಗಿ ಅಲ್ಲಿಗೇ ಹೋಯಿತು. "ಎಡಗೈಯವಳು ರುಬ್ತಿದ್ದಿದ್ದು ಇದು" ಅಂದರು. ಆಮೇಲೆ ಸುತ್ತಲೂ ನೋಡಿ, "ಗುಂಡು ಎಲ್ಲಿ?" ಅಂತ ಕೇಳಿದರು. ಕೌಂಟರಿನ ಹುಡುಗನಿಗೆ ಏನು ಕೇಳಿದರು ಅಂತಲೇ ಅರ್ಥ ಆಗಲಿಲ್ಲ.

ನಾನು ಅವತ್ತು ಕಾಫಿ ಆರುವ ತನಕ ಬರೆದುಕೊಂಡೆ. ಕಾದಂಬರಿಯಲ್ಲಿ ಕೆಫೆಯವನು ವಠಾರದಿಂದಲೇ ಒರಳು, ಗುಂಡುಕಲ್ಲು ಎರಡನ್ನೂ ತಂದು ಅಲಂಕಾರಕ್ಕೆ ಇಟ್ಟಿರುತ್ತಾನೆ. ಕೊಲೆ ಆದ ಮೇಲೆ ಒರಳಲ್ಲಿ ಬೇರೆ ಗುಂಡು. ಎಲ್ಲರ ಕಣ್ಣಿಗೂ ಕಲ್ಲು ಕಲ್ಲೇ. 40 ವರ್ಷ ಅದರಲ್ಲಿ ದೋಸೆ ಹಿಟ್ಟು ರುಬ್ಬಿದ ವಠಾರದ ಅಜ್ಜಿ ಮಾತ್ರ ದಾರಿಯಲ್ಲಿ ಹೋಗುವಾಗಲೆಲ್ಲ ನಿಂತು ಗೊಣಗುತ್ತಾರೆ: "ಇದು ನಮ್ಮ ಗುಂಡಲ್ಲ. ಅಲ್ಲಾಡತ್ತೆ." ಅಜ್ಜಿಗೆ ಮರೆವು ಶುರುವಾಗಿದೆ ಅಂತ ಮನೆಯವರು ನಗುತ್ತಾರೆ. ಪತ್ತೆಗೆ ಬೇಕಾದ್ದೆಲ್ಲ ಈ ಬೀದಿಯ ಹಳಬರ ಕೈ ಬೆರಳಲ್ಲಿ, ನಾಲಿಗೆ ಮೇಲೆ ಇದೆ, ಕೇಳುವವರು ಇಲ್ಲ ಅಷ್ಟೇ.

ಕೊಲೆಗಾರ ಯಾರು ಅನ್ನುವುದಕ್ಕೆ ಒಂದು ಮಾತು. ಹೊಸಬರೆಲ್ಲ ಕೆಟ್ಟವರು, ಹಳಬರೆಲ್ಲ ದೇವರು ಅಂತ ಬರೆಯಬೇಡಿ. ಅದು ನಿಜವೂ ಅಲ್ಲ, ಓದುಗರು ಕೊಲೆಗಾರನನ್ನ ಹತ್ತನೇ ಪುಟದಲ್ಲೇ ಹಿಡಿದುಬಿಡುತ್ತಾರೆ. ನಮ್ಮ ಕೆಫೆ ಹುಡುಗ ಹೊಸಬನ ವೇಷದಲ್ಲಿರುವ ಹಳಬ. ಯಜಮಾನರ ದೂರದ ಸಂಬಂಧಿ, ಹತ್ತು ವರ್ಷದ ತನಕ ಅದೇ ವಠಾರದ ಹಿಂದಿನ ಮನೆಯಲ್ಲಿದ್ದವನು. ಗಿರಣಿಗೆ ರಾಗಿ ಡಬ್ಬ ಹೊತ್ತುಕೊಂಡು ಹೋಗಿದ್ದವನು. ವಿಲ್ಲಲ್ಲಿರುವುದು ಅವನ ಚಿಕ್ಕಪ್ಪನ ಹೆಸರು, ಅದರ ಹಿಂದೆ ಇರುವುದು ಅವನು. ಗಿರಣಿಯ ಮಾತು ಬಾಯಿಂದ ಜಾರಿದ್ದು ಅದಕ್ಕೇ. ಅವನಿಗೂ ಈ ಬೀದಿ ಮೇಲೆ ಪ್ರೀತಿ ಇದೆ ಅನ್ನೋದನ್ನ ಒಂದು ಕಡೆ ತೋರಿಸಿ, ಕಥೆಗೆ ತೂಕ ಬರುತ್ತದೆ.

ಪೊಲೀಸರ ವಿಷಯ ಬೇಗ ಹೇಳಿಬಿಡುತ್ತೇನೆ

2024ರ ಜುಲೈ 1ರಿಂದ ಹೊಸ ಕಾನೂನು. ಕೊಲೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 103, ಹಳೇ 302 ಅಲ್ಲ. ಹೊಸ ಸಂಹಿತೆಯ 302 ಧಾರ್ಮಿಕ ಭಾವನೆಗೆ ನೋವು ಮಾಡುವ ಮಾತಿನ ಬಗ್ಗೆ ಇದೆ. ಹಳೇ ಹೆಡ್ ಕಾನ್‌ಸ್ಟೇಬಲ್ ಅಭ್ಯಾಸ ಬಲದಿಂದ "ತ್ರೀ ನಾಟ್ ಟೂ ಸಾರ್" ಅನ್ನುತ್ತಲೇ ಇರಲಿ, ಹೊಸ ಪಿಎಸ್‌ಐ ತಿದ್ದುತ್ತಲೇ ಇರಲಿ, ಬೇರೆ ಜೋಕು ಹುಡುಕಬೇಕಾಗಿಲ್ಲ. ಸಂಪಿಗೆ ಬಿದ್ದು ಸತ್ತಂತೆ ಕಂಡರೆ ಮೊದಲು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ನಾಗರಿಕ ಸುರಕ್ಷಾ ಸಂಹಿತೆಯ 194ರ ಕೆಳಗೆ. ಸ್ಥಳದಲ್ಲಿ ಮಹಜರು ಆಗುತ್ತದೆ, ಪಂಚರು ಅಂತ ಬೀದಿಯ ಇಬ್ಬರ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಇಬ್ಬರಲ್ಲಿ ಒಬ್ಬ ಕೆಫೆ ಹುಡುಗನೇ ಆಗಿರಲಿ, ಪೊಲೀಸರಿಗೆಲ್ಲ ಕಾಫಿ ಕೊಟ್ಟು ಸಹಿ ಹಾಕಲಿ. ಇನ್ನೊಬ್ಬರು ಯಾರು ಅಂತ ನಿಮಗೆ ಗೊತ್ತಾಯ್ತಲ್ಲ, "ನಿವೃತ್ತ" ಅಂತ ಬರೆಯುವವರು. ಪೋಸ್ಟ್‌ಮಾರ್ಟಂ ದೊಡ್ಡ ಸರ್ಕಾರಿ ಆಸ್ಪತ್ರೆಯ ಶವಾಗಾರದಲ್ಲಿ, ಪರೀಕ್ಷೆಗೆ ಕಳಿಸುವುದು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ವರದಿ ಸಂಜೆಗೇ ಬಂತು ಅಂತ ಬರೆಯಬೇಡಿ. ಅದು ತಡವಾಗುವುದೇ ನಿಮಗೆ ಅನುಕೂಲ, ಇಸ್ತ್ರಿ ಅಮ್ಮನಿಗೆ ಕೆಲಸ ಮಾಡೋಕೆ ಸಮಯ ಸಿಗುತ್ತದೆ. ಪಿಎಸ್‌ಐಯನ್ನ ದಡ್ಡ ಮಾಡಬೇಡಿ. ಅವರಿಗೆ ಬುದ್ಧಿ ಇದೆ, ಸಮಯ ಇಲ್ಲ.

ಮಾತು

ಬೆಂಗಳೂರಿನ ಒಂದು ಕ್ರಾಸಲ್ಲಿ ಐದು ಥರದ ಕನ್ನಡ ಇರುತ್ತದೆ. ವಠಾರದವರದು "ಕಣ್ರೀ, ಹೋಗ್ರೀ." ಊಟ ತಂದುಕೊಡುವ ಹುಡುಗ ಹುಬ್ಬಳ್ಳಿ ಕಡೆಯವನಾದರೆ "ಲೊಕೇಶನ್ ತಪ್ಪ್ ಐತ್ರಿ ಅಕ್ಕಾರ." ಮಂಗಳೂರಿನ ಬೇಕರಿಯವರು "ಎಂತದು ಮಾರಾಯ್ರೆ" ಅನ್ನುತ್ತಾರೆ. ಒಬ್ಬೊಬ್ಬರಿಗೂ ಎರಡು ಮೂರು ಗುರುತಿನ ಮಾತು ಸಾಕು, ಪ್ರತಿ ಸಾಲಲ್ಲೂ ತುರುಕಿದರೆ ಪಾತ್ರ ಹೋಗಿ ಅನುಕರಣೆ ಉಳಿಯುತ್ತದೆ. ಬೇರೆ ರಾಜ್ಯದಿಂದ ಬಂದವರ ಹರುಕು ಕನ್ನಡವನ್ನ ಒಂದು ಸಲ ತೋರಿಸಿ ಬಿಟ್ಟುಬಿಡಿ. ಪಿಜಿಯಲ್ಲಿರುವ ಹುಡುಗಿ ಮೊದಲ ಅಧ್ಯಾಯದಲ್ಲಿ "ಸ್ವಲ್ಪ ಸ್ವಲ್ಪ ಬರತ್ತೆ" ಅಂದವಳು, ಕೊನೆಯ ಹೊತ್ತಿಗೆ ನೀರಿನ ಸರದಿಯಲ್ಲಿ ನಿಂತು ವಠಾರದ ಹೆಂಗಸರಿಗೆ ಸರಿಸಮನಾಗಿ ಜಗಳ ಆಡಲಿ. ಅವಳು ಕನ್ನಡ ಕಲಿತಿದ್ದು ಇಸ್ತ್ರಿ ಗಾಡಿ ಹತ್ತಿರ ಅನ್ನೋದು, ನೀಲಿ ಶರ್ಟಿನ ವಿಷಯ ಅವಳಿಗೆ ಮೊದಲು ಹೊಳೆಯೋದಕ್ಕೂ ದಾರಿ.

ಬರೆಯೋಕೆ ಕೂರುವ ಮುಂಚೆ

ಒಂದು ದೊಡ್ಡ ಹಾಳೆ ತಗೊಳ್ಳಿ. ನಿಮ್ಮ ಕ್ರಾಸಿನ ಪ್ರತಿ ಜಾಗದ ಎದುರಿಗೆ ವರ್ಷ ಬರೆಯಿರಿ. ಗಿರಣಿ ಯಾವಾಗ ಬಂತು, ಯಾವಾಗ ಕೆಡವಿದರು, ಹಸುಗಳನ್ನ ಯಾವಾಗ ಮಾರಿದರು, ಅಪಾರ್ಟ್‌ಮೆಂಟ್ ಯಾವ ವರ್ಷದ್ದು, ಗುಮಾಸ್ತರು ನಿವೃತ್ತರಾದದ್ದು, ಇಸ್ತ್ರಿ ಅಮ್ಮ ಗಾಡಿ ಇಟ್ಟಿದ್ದು, ಕೊಲೆಗಾರ ಬೀದಿ ಬಿಟ್ಟಾಗ ಅವನ ವಯಸ್ಸು. ಒಂದು ವರ್ಷ ಹೆಚ್ಚುಕಮ್ಮಿ ಆದರೂ ಸುಳಿವು ಕೆಲಸ ಮಾಡುವುದಿಲ್ಲ. ನಾನು ಮೊದಲ ಸಲ ಬರೆದಾಗ ಗಿರಣಿ ಕೆಡವಿದ ವರ್ಷವನ್ನ ಎರಡು ಕಡೆ ಬೇರೆ ಬೇರೆ ಹಾಕಿದ್ದೆ, ಓದಿದ ಗೆಳತಿ ಆ ಹುಡುಗ ನಿರಪರಾಧಿ ಅಂತ ತೀರ್ಮಾನ ಮಾಡಿದ್ದಳು. ಅವಳು ಹೇಳಿದ್ದು ಸರಿಯಾಗಿತ್ತು.

ಮೊದಲ ಕರಡು ಮುಗಿದ ಮೇಲೆ ಎರಡು ಬಣ್ಣದ ಪೆನ್ನು ಹಿಡಿದು ಓದಿ. ನಗು ಬರುವ ಸಾಲಿಗೆ ಹಸಿರು ಗೆರೆ, ಸುಳಿವಿನ ಸಾಲಿಗೆ ಕೆಂಪು. ಬರೀ ಹಸಿರು ಇರುವ ಕಡೆ ಅರ್ಧಕ್ಕರ್ಧ ತೆಗೆಯಿರಿ. ಬರೀ ಕೆಂಪು ಇರುವ ಕಡೆ, ಆ ಸುಳಿವನ್ನ ಯಾರ ಜಗಳದೊಳಗೆ, ಯಾರ ಗೊಣಗಾಟದೊಳಗೆ ಇಡಬಹುದು ನೋಡಿ. ಎರಡೂ ಗೆರೆ ಬಿದ್ದ ಸಾಲುಗಳನ್ನ ಮುಟ್ಟಬೇಡಿ. ಆಮೇಲೆ ಆ ಏರಿಯಾದಲ್ಲೇ ಬಹಳ ವರ್ಷದಿಂದ ಇರುವ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ, ಮುಖ ನೋಡುತ್ತಾ ಓದಿ. ಗುಮಾಸ್ತರು ಹೋದ ಅಧ್ಯಾಯದಲ್ಲಿ ಅವರು ನಕ್ಕರೆ ಮನೆಗೆ ಬಂದು ಆ ಅಧ್ಯಾಯವನ್ನ ಮೊದಲಿಂದ ಬರೆಯಿರಿ. ಮಧ್ಯದಲ್ಲಿ ನಿಲ್ಲಿಸಿ, "ಅಲ್ಲ, ಅಲ್ಲಿ ಗಿರಣಿ ಇರಲಿಲ್ಲ, ಸೌದೆ ಡಿಪೋ ಇತ್ತು" ಅಂತ ನಿಮ್ಮ ಕಟ್ಟಿದ ಕ್ರಾಸನ್ನೇ ತಿದ್ದೋಕೆ ಶುರು ಮಾಡಿದರೆ, ಪುಸ್ತಕ ಕೆಳಗಿಟ್ಟು ಅವರು ಹೇಳಿದ್ದೆಲ್ಲ ಬರೆದುಕೊಳ್ಳಿ.